ಸಿ.ಡಿ. ಪ್ಲೇಯರ್ ಕೈಕೊಟ್ಟಿದೆ: ಹೊಸದು ತರಲೋ, ಸ್ಟ್ರೀಮಿಂಗ್‌ಗೆ ಹೋಗಲೋ?

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾದವನು, ಶಿವಮೊಗ್ಗದಲ್ಲಿ ವಾಸ. ಸುಮಾರು ಮೂವತ್ತು ವರ್ಷಗಳಲ್ಲಿ 340 ಸಿ.ಡಿ. ಕೂಡಿಟ್ಟಿದ್ದೇನೆ. ಹೆಚ್ಚಿನವು ಕರ್ನಾಟಕ ಸಂಗೀತದ ಕಛೇರಿಗಳು, ಒಂದಷ್ಟು ಹಿಂದೂಸ್ತಾನಿ, ಉಳಿದದ್ದು ಭಾವಗೀತೆ. ಹದಿನಾಲ್ಕು ವರ್ಷದ ಪ್ಲೇಯರ್ ಈಗ ಕೆಲವು ಡಿಸ್ಕ್ ಓದುವುದೇ ಇಲ್ಲ, ಕೆಲವದರಲ್ಲಿ ನಡುವೆ ಜಿಗಿಯುತ್ತದೆ. ಆಂಪ್ಲಿಫೈಯರ್, ಸ್ಪೀಕರ್ ಚೆನ್ನಾಗಿವೆ. ‘ಸ್ಟ್ರೀಮರ್ ತಗೊಳ್ಳಿ ಅಪ್ಪ, ಡಿಸ್ಕ್ ಎಲ್ಲ ಯಾರಿಗಾದರೂ ಕೊಟ್ಟುಬಿಡಿ’ ಎನ್ನುತ್ತಾಳೆ ಮಗಳು. ಇಂಟರ್‌ನೆಟ್‌ನಿಂದ ಸಂಗೀತ ತಂದು ನುಡಿಸುವ ಪೆಟ್ಟಿಗೆಯಂತೆ ಅದು. ಅಂಗಡಿಯವರು ಅರವತ್ತು ಸಾವಿರದ ಹೊಸ ಪ್ಲೇಯರ್ ತೋರಿಸುತ್ತಿದ್ದಾರೆ. ಧ್ವನಿಯಲ್ಲಿ ಯಾವುದು ಮೇಲು? ನಾನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಕಲೆತುಹೋಗಿವೆ. ಕೆಟ್ಟಿರುವುದು ಯಂತ್ರ, ಮಗಳು ಕೊಟ್ಟುಬಿಡಿ ಎನ್ನುತ್ತಿರುವುದು ಸಂಗ್ರಹವನ್ನು. ಯಂತ್ರ ಹತ್ತು ಹದಿನೈದು ವರ್ಷಕ್ಕೊಮ್ಮೆ ಹೋಗುತ್ತದೆ, ಇನ್ನೊಂದು ಬರುತ್ತದೆ. ಮೂವತ್ತು ವರ್ಷ ಒಂದೊಂದಾಗಿ ಆರಿಸಿ ತಂದ ಕಛೇರಿಗಳು ಹೋದರೆ ಮತ್ತೆ ಕೂಡುವುದಿಲ್ಲ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಡಿಸ್ಕ್‌ಗಳನ್ನು ಯಾರಿಗೂ ಕೊಡಬೇಡಿ. ಅರವತ್ತು ಸಾವಿರದ ಪ್ಲೇಯರನ್ನೂ ಈಗ ತರಬೇಡಿ.

ಹಳೆಯ ಪ್ಲೇಯರ್ ನಿಜಕ್ಕೂ ಸತ್ತಿದೆಯೇ ಎಂದು ಮೊದಲು ನೋಡೋಣ. ಸಿ.ಡಿ. ಓದುವುದು ಒಳಗಿನಿಂದ ಹೊರಕ್ಕೆ. ಮೊದಲನೆಯ ಟ್ರ್ಯಾಕ್ ನಡುವಿನ ತೂತಿನ ಬಳಿ, ಕೊನೆಯದು ಅಂಚಿನಲ್ಲಿ. ಡಿಸ್ಕ್ ಹಾಕಿದೊಡನೆ ಯಂತ್ರ ಒಳಗಡೆ ಬರೆದಿರುವ ಪಟ್ಟಿಯನ್ನು ಓದುತ್ತದೆ. ಅದನ್ನೇ ಓದಲಾಗದೆ ‘ನೋ ಡಿಸ್ಕ್’ ಎಂದರೆ ಲೆನ್ಸಿನ ಮೇಲೆ ಧೂಳು ಕೂತಿರಬಹುದು, ಇಲ್ಲವೇ ಲೇಸರ್ ದಣಿದಿರಬಹುದು. ಮೊದಲ ಅರ್ಧ ಗಂಟೆ ಚೆನ್ನಾಗಿ ನಡೆದು ಕೊನೆಯ ಟ್ರ್ಯಾಕ್‌ಗಳಲ್ಲಿ ಮಾತ್ರ ಜಿಗಿದರೆ, ಲೇಸರ್ ಹೆಡ್ ಜಾರುವ ಕಂಬಿಯ ಗ್ರೀಸು ಒಣಗಿರುವ ಸಾಧ್ಯತೆ ಹೆಚ್ಚು. ಅದು ನೂರಿನ್ನೂರು ರೂಪಾಯಿಯ ಕೆಲಸ. ನಿಮ್ಮ ಕಡೆಯ ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುವುದೂ ಉಂಟು. ಪ್ಲಗ್ ಕಿತ್ತು, ಮುಚ್ಚಳ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ ಲೆನ್ಸನ್ನು ಹಗುರವಾಗಿ ಒರೆಸಿ. ಲೆನ್ಸ್ ಕೂತಿರುವುದು ಕೂದಲೆಳೆಯಂಥ ಸ್ಪ್ರಿಂಗಿನ ಮೇಲೆ, ಒತ್ತಬೇಡಿ. ಪ್ಲೇಯರ್ ಚಾಲೂ ಇರುವಾಗ ಲೆನ್ಸಿನೊಳಗೆ ಇಣುಕಲೂ ಬೇಡಿ, ಆ ಕಿರಣ ಕಣ್ಣಿಗೆ ಕಾಣುವುದಿಲ್ಲ. ಹೀಗೆ ಮಾಡಿ ಸರಿಹೋದ ಪ್ಲೇಯರ್‌ಗಳನ್ನು ನಾನು ಎಷ್ಟೋ ಕಂಡಿದ್ದೇನೆ. ಹೆಡ್ಡೇ ಬದಲಾಗಬೇಕಿದ್ದರೆ, ಹಲವು ಕಂಪನಿಗಳ ಪ್ಲೇಯರ್‌ಗಳಲ್ಲಿ ಇರುವುದು ಒಂದೇ ಬಗೆಯ ಹೆಡ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಇನ್ನೂ ಸಿಗುತ್ತದೆ. ಕೆಲವು ಡಿಸ್ಕ್ ಮಾತ್ರ ತೊಂದರೆ ಕೊಡುತ್ತಿವೆ ಎಂದಿದ್ದೀರಿ. ಅವು ಮನೆಯಲ್ಲಿ ಕಂಪ್ಯೂಟರಿನಿಂದ ಬರೆದ ಡಿಸ್ಕ್‌ಗಳೇ ನೋಡಿ. ಲೇಸರ್ ದಣಿಯುವಾಗ ಮೊದಲು ಮುನಿಯುವುದು ಅವು.

ಇನ್ನು ಧ್ವನಿ. 1982ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಮೊದಲ ಪ್ಲೇಯರ್ ಮಾರಾಟಕ್ಕೆ ಬಂದಾಗಿನಿಂದ ಸಿ.ಡಿ.ಯ ಲೆಕ್ಕ ಬದಲಾಗಿಲ್ಲ. ಸೆಕೆಂಡಿಗೆ 44,100 ಸಲ ಅಳತೆ, ಪ್ರತಿ ಅಳತೆಗೆ 16 ಬಿಟ್ (ಸೊನ್ನೆ ಅಥವಾ ಒಂದು ಎಂಬ ಅಂಕಿ), ಎಡಬಲ ಎರಡು ಚಾನೆಲ್. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್. ಮನುಷ್ಯನ ಕಿವಿಗೆ ಕೇಳುವ 20 ಕಿಲೋಹರ್ಟ್ಸ್‌ವರೆಗಿನ ಎಲ್ಲವನ್ನೂ ಹಿಡಿಯಲು ಇದು ಸಾಕು. ಅತಿ ಮೆಲ್ಲನೆಯ ದನಿಗೂ ಅತಿ ಜೋರಿಗೂ ನಡುವೆ ಸುಮಾರು 96 ಡೆಸಿಬಲ್ ಅಂತರ ಇದರಲ್ಲಿ ಹಿಡಿಸುತ್ತದೆ. ನಮ್ಮ ಯಾವ ಕಛೇರಿಗೂ ಅಷ್ಟು ಬೇಕಾಗುವುದಿಲ್ಲ.

ಸ್ಟ್ರೀಮಿಂಗ್‌ನಲ್ಲಿ ಎರಡು ಜಾತಿ. ಒಂದು, ಕೇಳಿಸದು ಎಂದು ಲೆಕ್ಕ ಹಾಕಿದ ಭಾಗವನ್ನು ಕಿತ್ತು ಚಿಕ್ಕದಾಗಿಸಿದ್ದು. ಇದರಲ್ಲಿ ಮೇಲ್ಮಟ್ಟವೆಂದರೆ ಸೆಕೆಂಡಿಗೆ 320 ಕಿಲೋಬಿಟ್. ಇನ್ನೊಂದು ‘ಲಾಸ್‌ಲೆಸ್’, ಏನನ್ನೂ ಬಿಡದೆ ಮಡಚಿಟ್ಟದ್ದು, ಬಿಚ್ಚಿದಾಗ ಸಿ.ಡಿ.ಯಲ್ಲಿದ್ದ ಬಿಟ್‌ಗಳೇ ಬರುತ್ತವೆ. ಆಪಲ್ ಮ್ಯೂಸಿಕ್ 2021ರಲ್ಲೇ ಹೆಚ್ಚಿನ ಹಣ ಕೇಳದೆ ಲಾಸ್‌ಲೆಸ್ ಕೊಡತೊಡಗಿತು. ಸ್ಪಾಟಿಫೈ ಬಹುಕಾಲ 320ರಲ್ಲೇ ನಿಂತಿದ್ದು 2025ರ ಸೆಪ್ಟೆಂಬರಿನಲ್ಲಿ ಕೆಲವು ದೇಶಗಳಿಂದ ಲಾಸ್‌ಲೆಸ್ ಆರಂಭಿಸಿತು. ಹಾಗಾಗಿ ಲಾಸ್‌ಲೆಸ್ ಸ್ಟ್ರೀಮನ್ನೂ ಸಿ.ಡಿ.ಯನ್ನೂ ಒಂದೇ ಡ್ಯಾಕ್ ಮೂಲಕ (ಅಂಕಿಯನ್ನು ಧ್ವನಿಯಾಗಿಸುವ ಚಿಪ್ ಇರುವ ಪೆಟ್ಟಿಗೆ) ಕೇಳಿಸಿದರೆ, ಮೂಲ ರೆಕಾರ್ಡಿಂಗ್ ಒಂದೇ ಆಗಿದ್ದರೆ, ವ್ಯತ್ಯಾಸವಿಲ್ಲ. ಅದೇ ಬಿಟ್, ಅದೇ ಚಿಪ್. ಗೆಳೆಯರ ಮನೆಗಳಲ್ಲಿ ಪರದೆಯ ಹಿಂದೆ ಯಂತ್ರ ಬದಲಾಯಿಸುತ್ತ ಎಷ್ಟೋ ಸಂಜೆ ಇದನ್ನು ಪರೀಕ್ಷಿಸಿದ್ದೇವೆ. ಎರಡರ ವಾಲ್ಯೂಮನ್ನು ಮೀಟರ್ ಇಟ್ಟು ಸರಿದೂಗಿಸಿದ ಮೇಲೆ ಯಾರೂ ಗುರುತಿಸಲಿಲ್ಲ. ಸರಿದೂಗಿಸದಿದ್ದಾಗ ಎಲ್ಲರೂ ತುಸು ಜೋರಾಗಿದ್ದುದನ್ನೇ ‘ಹೆಚ್ಚು ಸ್ಪಷ್ಟ’ ಎಂದರು. ಅಂಗಡಿಯಲ್ಲಿ ಹೋಲಿಸಿ ತೋರಿಸುವಾಗ ಇದನ್ನು ನೆನಪಿಡಿ.

ಒಂದು ಎಚ್ಚರಿಕೆ. ಫೋನಿನಿಂದ ಬ್ಲೂಟೂತ್ ಮೂಲಕ ಆಂಪ್ಲಿಫೈಯರ್‌ಗೆ ಕಳಿಸಿದರೆ ಲಾಸ್‌ಲೆಸ್‌ಗೆ ಹಣ ಕಟ್ಟಿದ್ದು ದಂಡ, ಏಕೆಂದರೆ ಬ್ಲೂಟೂತ್ ದಾರಿಯಲ್ಲಿ ಮತ್ತೊಮ್ಮೆ ಹಿಂಡುತ್ತದೆ. ವೈಫೈಯಿಂದ ನೇರವಾಗಿ ಎಳೆದುಕೊಳ್ಳುವ ಸ್ಟ್ರೀಮರ್ ಆಗಿರಬೇಕು.

ಹಾಗಾದರೆ ಡಿಸ್ಕ್ ಏಕೆ ಉಳಿಸಿಕೊಳ್ಳಬೇಕು? ‘ಮೂಲ ರೆಕಾರ್ಡಿಂಗ್ ಒಂದೇ ಆಗಿದ್ದರೆ’ ಎಂದೆನಲ್ಲ, ವಿಷಯ ಅಲ್ಲಿದೆ. ಹಳೆಯ ಟೇಪಿನಿಂದ ತೆಗೆದ ಕಛೇರಿ ಮೊದಲು ಕ್ಯಾಸೆಟ್ ಆಯಿತು, ಆಮೇಲೆ ಸಿ.ಡಿ. ಆಯಿತು, ಈಗ ಸ್ಟ್ರೀಮಿಂಗ್‌ಗೆ ಬಂದಿದೆ. ಪ್ರತಿ ಸಲವೂ ಯಾರೋ ಅದನ್ನು ‘ಸ್ವಚ್ಛ’ ಮಾಡಿರಬಹುದು. ಟೇಪಿನ ಹಿಸ್ಸೆನ್ನುವ ಸದ್ದನ್ನು ಸಾಫ್ಟ್‌ವೇರ್ ಬಲವಾಗಿ ಕಿತ್ತಾಗ ಅದರೊಡನೆ ಹೋಗುವುದು ತಂಬೂರಿ. ತಂಬೂರಿಯ ಜೀವ ಇರುವುದು ಮೇಲಿನ ಸ್ವರಾಂಶಗಳ ಆ ಎಡೆಬಿಡದ ಮಿನುಗಿನಲ್ಲಿ, ಯಂತ್ರದ ಕಣ್ಣಿಗೆ ಅದೂ ಗದ್ದಲದಂತೆಯೇ ಕಾಣುತ್ತದೆ. ಗಾಯಕರು ಮೌನವಾದಾಗ ಶ್ರುತಿಯೂ ಆರಿಹೋದಂತೆ ಕೇಳುವ ಟ್ರ್ಯಾಕ್‌ಗಳನ್ನು ನಾನು ಸ್ಟ್ರೀಮಿಂಗ್‌ನಲ್ಲಿ ಕೇಳಿದ್ದೇನೆ. ಅದೇ ಕಛೇರಿಯ ಹಳೆಯ ಡಿಸ್ಕಿನಲ್ಲಿ ಹಿಸ್ಸೂ ಇದೆ, ತಂಬೂರಿಯೂ ಇದೆ. ನನಗೆ ಆ ಹಿಸ್ಸು ಇರಲಿ. ಉಲ್ಟಾ ಉದಾಹರಣೆಗಳೂ ಉಂಟು: ಕೆಲವು ಸಿ.ಡಿ.ಗಳು ಸವೆದ ಕ್ಯಾಸೆಟ್ಟಿನಿಂದಲೇ ಮಾಡಿದವು, ಈಚೆಗೆ ಮೂಲ ಟೇಪಿನಿಂದ ತೆಗೆದದ್ದು ಸ್ಟ್ರೀಮಿಂಗ್‌ನಲ್ಲಿ ಚೆನ್ನಾಗಿದೆ. ನಿಮಗೆ ಪ್ರಿಯವಾದ ಹತ್ತು ಕಛೇರಿ ಆರಿಸಿ, ಮಗಳ ಫೋನಿನಲ್ಲಿ ಹುಡುಕಿ, ಹೋಲಿಸಿ ನೋಡಿ. ಅಂಗಡಿಯವರ ಮಾತಿಗಿಂತ, ನನ್ನ ಮಾತಿಗಿಂತ, ಆ ಒಂದು ಸಂಜೆ ನಿಮಗೆ ಹೆಚ್ಚು ಹೇಳುತ್ತದೆ.

ಹುಡುಕುವಾಗಲೇ ಇನ್ನೊಂದು ಕೊರತೆ ಕಣ್ಣಿಗೆ ಬೀಳುತ್ತದೆ. ಸಿ.ಡಿ.ಯ ಪುಸ್ತಿಕೆಯಲ್ಲಿ ರಾಗ, ತಾಳ, ವಾಗ್ಗೇಯಕಾರರು, ಪಿಟೀಲು ಯಾರು, ಮೃದಂಗ ಯಾರು, ಘಟ ಯಾರು ಎಂದೆಲ್ಲ ಇರುತ್ತದೆ. ಸ್ಟ್ರೀಮಿಂಗ್ ಸೇವೆಗಳ ಚೌಕಟ್ಟು ಸಿನಿಮಾ ಹಾಡಿಗೆ, ಪಾಪ್ ಹಾಡಿಗೆ ಕಟ್ಟಿದ್ದು: ಹಾಡು, ಕಲಾವಿದ, ಆಲ್ಬಂ. ಪಕ್ಕವಾದ್ಯದವರಿಗೆ ಅದರಲ್ಲಿ ಎಷ್ಟೋ ಸಲ ಜಾಗವೇ ಇಲ್ಲ. ಕಛೇರಿ ಎಂದರೆ ಮೂರು ನಾಲ್ಕು ಜನರ ಸಂಭಾಷಣೆ. ಪಿಟೀಲಿನ ಉತ್ತರ ಕೇಳಿ ಬೆರಗಾದವನಿಗೆ ‘ಇವರು ಯಾರು’ ಎಂದು ತಿಳಿಯುವ ದಾರಿಯೇ ಇಲ್ಲವಾದರೆ ಅದು ಸಣ್ಣ ನಷ್ಟವಲ್ಲ. ಜೊತೆಗೆ, ಆಲಾಪನೆ ಒಂದು ಟ್ರ್ಯಾಕ್, ಕೃತಿ ಇನ್ನೊಂದು, ತನಿ ಆವರ್ತನ ಮತ್ತೊಂದು ಎಂದು ತುಂಡಾಗಿರುತ್ತದೆ. ತುಂಡುಗಳ ನಡುವೆ ಅರ್ಧ ಸೆಕೆಂಡ್ ಮೌನ ಬಂದರೂ ತಾಳ ಮುರಿಯುತ್ತದೆ. ಶಫಲ್ ಗುಂಡಿ ಒತ್ತಿಹೋಗಿದ್ದರಂತೂ ಕೇಳುವುದೇ ಬೇಡ, ಕೃತಿ ಮುಗಿದ ಮೇಲೆ ಅದರ ಆಲಾಪನೆ ಬರುತ್ತದೆ.

ಮೂರನೆಯದು, ಇಂದು ಇರುವುದು ನಾಳೆ ಇರುತ್ತದೆಂಬ ಖಾತ್ರಿ ಸ್ಟ್ರೀಮಿಂಗ್‌ನಲ್ಲಿ ಇಲ್ಲ. ಸ್ಪಾಟಿಫೈ ಭಾರತಕ್ಕೆ ಬಂದ 2019ರಲ್ಲೇ, ಒಪ್ಪಂದ ಕೂಡಿಬಾರದೆ ಸರೆಗಮದ ಹಾಡುಗಳೆಲ್ಲ ಅಲ್ಲಿಂದ ಹೋದವು, ಮರಳಿದ್ದು 2020ರಲ್ಲಿ. ಎಚ್‌.ಎಂ.ವಿ.ಯ ಹಳೆಯ ಭಂಡಾರವೆಲ್ಲ ಸರೆಗಮದ ಕೈಯಲ್ಲಿದೆ ಎಂದು ನಿಮಗೆ ಗೊತ್ತಿರುತ್ತದೆ. 2023ರ ಮಾರ್ಚಿನಲ್ಲಿ ಝೀ ಮ್ಯೂಸಿಕ್‌ನ ಹಾಡುಗಳಿಗೂ ಹಾಗೇ ಆಯಿತು. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಮುಚ್ಚಿತು. ರೆಸ್ಸೊ 2024ರ ಜನವರಿಯಲ್ಲಿ, ಏರ್‌ಟೆಲ್‌ನ ವಿಂಕ್ ಅದೇ ವರ್ಷ ಬಾಗಿಲು ಹಾಕಿದವು. ಅವುಗಳಲ್ಲಿ ವರ್ಷಗಟ್ಟಲೆ ಜೋಡಿಸಿಟ್ಟ ಪಟ್ಟಿಗಳಿದ್ದವರಿಗೆ ಮತ್ತೆ ಮೊದಲಿನಿಂದ ಕೆಲಸ. ತಿಂಗಳ ಹಣ ಕಟ್ಟಿ ನಾವು ಕೊಳ್ಳುವುದು ಕೇಳುವ ಅನುಮತಿ ಮಾತ್ರ, ಸಂಗೀತ ನಮ್ಮದಾಗುವುದಿಲ್ಲ. ಸಣ್ಣ ಕಂಪನಿಗಳು ತಂದ, ರಾಮನವಮಿ ಕಛೇರಿಗಳ ಹೊರಗಿನ ಮೇಜಿನ ಮೇಲೆ ನಾವು ಕೊಂಡ ಡಿಸ್ಕ್‌ಗಳಲ್ಲಿ ಎಷ್ಟೋ ಯಾವ ಸೇವೆಯಲ್ಲೂ ಇಲ್ಲ. ನಿಮ್ಮ 340ರಲ್ಲಿ ಅಂಥವು ಎಷ್ಟಿವೆ, ಎಣಿಸಿ ನೋಡಿ.

ಇಷ್ಟೆಲ್ಲ ಹೇಳಿದೆನೆಂದು ಸ್ಟ್ರೀಮಿಂಗ್ ಬೇಡ ಎನ್ನುತ್ತಿಲ್ಲ. ನನ್ನ ಮನೆಯಲ್ಲಿ ಅದು ದಿನವೂ ನಡೆಯುತ್ತದೆ. ಹೊಸ ತಲೆಮಾರಿನ ಹಾಡುಗಾರರನ್ನು ನಾನು ಕಂಡುಕೊಂಡದ್ದು ಅಲ್ಲೇ. ಒಂದು ರಾಗವನ್ನು ಐದು ಜನ ಹೇಗೆ ಹಾಡುತ್ತಾರೆಂದು ಬೆಳಗಿನ ಕಾಫಿ ಮುಗಿಯುವಷ್ಟರಲ್ಲಿ ಕೇಳುವ ಸುಖ ಡಿಸ್ಕಿನಲ್ಲಿ ಇರಲಿಲ್ಲ. ಅದು ಗ್ರಂಥಾಲಯ ಇದ್ದಂತೆ. ಸದಸ್ಯತ್ವ ಸಿಕ್ಕಿತೆಂದು ಮನೆಯ ಪುಸ್ತಕಗಳನ್ನು ಹೊರಗಿಡಬೇಕಿಲ್ಲ.

ನಾನು ಸೂಚಿಸುವ ದಾರಿ ಇದು: ಡಿಸ್ಕ್‌ಗಳನ್ನು ಒಂದೇ ಒಂದು ಸಲ ಸರಿಯಾಗಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಆಮೇಲೆ ಒಂದು ಸಾಧಾರಣ ಬೆಲೆಯ ಸ್ಟ್ರೀಮರ್ ತನ್ನಿ. ಅದೇ ಪೆಟ್ಟಿಗೆ ನಿಮ್ಮ ಸಂಗ್ರಹವನ್ನೂ ನುಡಿಸುತ್ತದೆ, ಹೊರಗಿನ ಸಂಗೀತವನ್ನೂ ತರುತ್ತದೆ.

ಇಳಿಸುವ ಕೆಲಸದ ಬಗ್ಗೆ ತುಸು ವಿವರವಾಗಿ ಹೇಳುತ್ತೇನೆ, ಏಕೆಂದರೆ ಬಹಳ ಜನ ಎಡವುವುದು ಇಲ್ಲಿ. ಯು.ಎಸ್.ಬಿ.ಗೆ ಚುಚ್ಚುವ ಹೊರಗಿನ ಡಿ.ವಿ.ಡಿ. ಡ್ರೈವ್ ಒಂದು ಬೇಕು, ದುಬಾರಿಯೇನಲ್ಲ. ವಿಂಡೋಸ್ ಕಂಪ್ಯೂಟರ್ ಆದರೆ ಎಕ್ಸಾಕ್ಟ್ ಆಡಿಯೊ ಕಾಪಿ ಎಂಬ ಉಚಿತ ಸಾಫ್ಟ್‌ವೇರ್ ಇದೆ, ಮ್ಯಾಕ್ ಆದರೆ ಎಕ್ಸ್.ಎಲ್.ಡಿ. ಎಂ.ಪಿ.3 ಆಗಿ ಮಾಡಬೇಡಿ, ಫ್ಲ್ಯಾಕ್ ಆಗಿ ಮಾಡಿ. ಫ್ಲ್ಯಾಕ್ ಎಂದರೆ ಲಾಸ್‌ಲೆಸ್ ಮಡಿಕೆ. 2001ರಿಂದ ಇದೆ, ಯಾವ ಕಂಪನಿಯ ಸ್ವತ್ತೂ ಅಲ್ಲ, ಹಾಗಾಗಿ ನಾಳೆ ಯಾರೂ ಇದಕ್ಕೆ ಬೀಗ ಹಾಕಲಾರರು. ಒಂದು ಡಿಸ್ಕ್ ಸರಾಸರಿ 350 ಎಂ.ಬಿ. ಆದೀತು, 340 ಡಿಸ್ಕ್‌ಗೆ ಸುಮಾರು 120 ಜಿ.ಬಿ. ಇಂದಿನ ಲೆಕ್ಕದಲ್ಲಿ ಬೆರಳಿನಷ್ಟು ದೊಡ್ಡ ಪೆನ್‌ಡ್ರೈವ್ ಸಾಕು. ದಿನಕ್ಕೆ ಐದು ಡಿಸ್ಕ್ ಎಂದರೂ ಎರಡು ತಿಂಗಳು ಹತ್ತು ದಿನದಲ್ಲಿ ಮುಗಿಯುತ್ತದೆ.

ಈ ಸಾಫ್ಟ್‌ವೇರ್‌ಗಳಲ್ಲಿ ಅಕ್ಯುರೇಟ್‌ರಿಪ್ ಎಂಬ ಏರ್ಪಾಡಿದೆ. ಪ್ರಪಂಚದಲ್ಲಿ ಇದೇ ಡಿಸ್ಕನ್ನು ಇಳಿಸಿದ ಇತರರ ಫಲಿತಾಂಶದೊಡನೆ ನಿಮ್ಮದನ್ನು ತಾಳೆ ನೋಡಿ, ಒಂದು ಬಿಟ್ ಕೂಡ ತಪ್ಪಿಲ್ಲ ಎಂದು ಹೇಳುತ್ತದೆ. ನಮ್ಮ ಕರ್ನಾಟಕ ಸಂಗೀತದ ಅನೇಕ ಡಿಸ್ಕ್‌ಗಳು ಆ ಪಟ್ಟಿಯಲ್ಲಿ ಇರುವುದಿಲ್ಲ. ಹೆದರಬೇಡಿ. ಅದೇ ಟ್ರ್ಯಾಕನ್ನು ಎರಡು ಸಲ ಓದಿಸಿ, ಎರಡು ಸಲವೂ ಸಾಫ್ಟ್‌ವೇರ್ ತೋರಿಸುವ ತಾಳೆ ಸಂಖ್ಯೆ ಒಂದೇ ಆಗಿದ್ದರೆ ಸರಿಯಾಗಿದೆ ಎಂದರ್ಥ. ಗೀರು ಬಿದ್ದ ಡಿಸ್ಕ್‌ಗಳನ್ನು ಸೋಪಿನ ನೀರಿನಲ್ಲಿ ತೊಳೆದು, ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ವೃತ್ತಾಕಾರವಾಗಿ ಅಲ್ಲ. ಅಡ್ಡಗೀರನ್ನು ಸಿ.ಡಿ.ಯ ದೋಷ ತಿದ್ದುವ ಲೆಕ್ಕ ಸುಲಭವಾಗಿ ದಾಟಿಸುತ್ತದೆ, ಎರಡೂವರೆ ಮಿಲಿಮೀಟರ್‌ವರೆಗಿನ ಖಾಲಿಯನ್ನೂ ತುಂಬಬಲ್ಲದು. ಟ್ರ್ಯಾಕಿನ ಉದ್ದಕ್ಕೇ ಸಾಗಿದ ಗೀರು ಅದನ್ನು ಸೋಲಿಸುತ್ತದೆ. ಹೊಳೆಯುವ ಬದಿಗಿಂತ ಹೆಸರು ಅಚ್ಚಾದ ಬದಿಯೇ ಹೆಚ್ಚು ನಾಜೂಕು ಎಂಬುದು ಹಲವರಿಗೆ ಗೊತ್ತಿಲ್ಲ. ಅಲ್ಯೂಮಿನಿಯಂ ಪದರ ಇರುವುದು ಆ ಬದಿಯಲ್ಲಿ, ತೆಳು ವಾರ್ನಿಷಿನ ಕೆಳಗೆ. ಅದರ ಮೇಲೆ ಬಾಲ್ ಪೆನ್ನಿನಲ್ಲಿ ಬರೆಯಲೇಬೇಡಿ.

ಆಮೇಲಿನ ಕೆಲಸ ನಿಮ್ಮಂಥವರೇ ಮಾಡಬೇಕಾದದ್ದು. ಫೈಲುಗಳಿಗೆ ಹೆಸರು ಬರೆಯುವುದು. ಕನ್ನಡ ಲಿಪಿಯಲ್ಲೇ ಬರೆಯಬಹುದು. ಕೃತಿ, ರಾಗ, ತಾಳ, ಪಿಟೀಲು, ಮೃದಂಗ, ಕಛೇರಿ ನಡೆದ ಊರು, ವರ್ಷ. ರಾಗವನ್ನು ‘ಜಾನರ್’ ಎಂಬ ಖಾನೆಯಲ್ಲಿ ತುಂಬಿಸಿದರೆ, ಮುಂದೆ ಪರದೆಯಲ್ಲಿ ‘ಕಾಂಬೋಜಿ’ ಒತ್ತಿದೊಡನೆ ನಿಮ್ಮಲ್ಲಿರುವ ಕಾಂಬೋಜಿಗಳೆಲ್ಲ ಸಾಲಾಗಿ ನಿಲ್ಲುತ್ತವೆ. ಪುಸ್ತಿಕೆಯನ್ನು ಫೋನಿನಲ್ಲಿ ಫೋಟೊ ತೆಗೆದು ಅದೇ ಫೋಲ್ಡರಿನಲ್ಲಿ ಇಡಿ. ಇಷ್ಟು ಶ್ರದ್ಧೆಯಿಂದ ಯಾವ ಕಂಪನಿಯೂ ನಿಮಗೆ ಮಾಡಿಕೊಡುವುದಿಲ್ಲ. ಮುಗಿದ ಮೇಲೆ ಎರಡು ಪ್ರತಿ ಮಾಡಿ, ಒಂದನ್ನು ಮಗಳ ಮನೆಯಲ್ಲಿಡಿ. ಒಂದೇ ಪ್ರತಿ ಇಟ್ಟು, ಹಾರ್ಡ್‌ಡಿಸ್ಕ್ ಕೆಟ್ಟು, ನಾಲ್ಕು ತಿಂಗಳ ಕೆಲಸ ಕಳೆದುಕೊಂಡ ಸಂಕಟ ನನಗೆ ಗೊತ್ತು.

ಸ್ಟ್ರೀಮರ್ ಕೊಳ್ಳುವಾಗ ಅಂಗಡಿಯಲ್ಲೇ ನಿಮ್ಮ ಪೆನ್‌ಡ್ರೈವ್ ಚುಚ್ಚಿ ನೋಡಿ. ಫ್ಲ್ಯಾಕ್ ನುಡಿಸಬೇಕು, ಕನ್ನಡ ಅಕ್ಷರ ಚೌಕವಾಗದೆ ಕಾಣಬೇಕು, ಆಲಾಪನೆಯಿಂದ ಕೃತಿಗೆ ದಾಟುವಾಗ ಎಡೆ ಇರಬಾರದು. ನೀವು ಚಂದಾ ಕಟ್ಟುವ ಸೇವೆ ಪೆಟ್ಟಿಗೆಯೊಳಗೇ ನಡೆಯುತ್ತದೆಯೇ, ಫೋನಿನ ಮೂಲಕ ಕಳಿಸಬೇಕೇ ಎಂದು ಕೇಳಿ. ಇಂಟರ್‌ನೆಟ್ ಇಲ್ಲದ ದಿನವೂ ಪೆನ್‌ಡ್ರೈವಿನ ಸಂಗೀತ ನಡೆಯಬೇಕು. ಇಷ್ಟು ಮಾಡುವ ಪೆಟ್ಟಿಗೆ ಅರವತ್ತು ಸಾವಿರದ ಮೂರರಲ್ಲೊಂದು ಭಾಗಕ್ಕೆ ಸಿಗುತ್ತದೆ.

ಡಿಸ್ಕ್ ಎತ್ತಿ ಟ್ರೇಯಲ್ಲಿಡುವ ಅಭ್ಯಾಸ ಬಿಡಲಾಗದಿದ್ದರೆ ಬಿಡಬೇಡಿ. ಅಟ್ಟದ ಮೇಲೆ ಹಳೆಯ ಡಿ.ವಿ.ಡಿ. ಪ್ಲೇಯರ್ ಇದ್ದರೆ ಕೆಳಗಿಳಿಸಿ. ಹಿಂಬದಿಯಲ್ಲಿ ಆಪ್ಟಿಕಲ್ ಅಥವಾ ಕೋಆಕ್ಸಿಯಲ್ ಎಂಬ ಡಿಜಿಟಲ್ ಔಟ್ ಇದ್ದರೆ, ಅಲ್ಲಿಂದ ಡ್ಯಾಕ್‌ಗೆ ಒಂದು ತಂತಿ ಸಾಕು. ಕೆಲವು ಸ್ಟ್ರೀಮರ್‌ಗಳಿಗೇ ಆಪ್ಟಿಕಲ್ ಇನ್‌ಪುಟ್ ಇರುತ್ತದೆ. ಬಿಟ್ ಓದುವುದಷ್ಟೇ ಆ ಯಂತ್ರದ ಕೆಲಸ. ಧ್ವನಿಯನ್ನು ಡ್ಯಾಕ್ ಮಾಡುತ್ತದೆ.

ಹೊಸ ಸಿ.ಡಿ. ಪ್ಲೇಯರ್ ಯಾರಿಗೂ ಬೇಡವೇ? ಬೇಕಾದವರಿದ್ದಾರೆ. ಕೆಲವು ವರ್ಷದ ಹಿಂದೆ, ಎಂಬತ್ತು ದಾಟಿದ ಸಂಗೀತದ ಮೇಷ್ಟ್ರೊಬ್ಬರ ಮನೆಯಲ್ಲಿ ಉತ್ಸಾಹದಿಂದ ಸ್ಟ್ರೀಮರ್ ಕೂರಿಸಿ, ಅವರ ಡಿಸ್ಕ್‌ಗಳನ್ನೆಲ್ಲ ಇಳಿಸಿಕೊಟ್ಟು ಬಂದೆ. ಮೂರು ತಿಂಗಳ ನಂತರ ಹೋದಾಗ ಅವರ ಪತ್ನಿ, ‘ಇವರು ಈಗ ಏನೂ ಕೇಳುವುದೇ ಇಲ್ಲಪ್ಪ’ ಎಂದರು. ಫೋನಿನ ಪರದೆ ಅವರ ಕಣ್ಣಿಗೂ ಬೆರಳಿಗೂ ಒಗ್ಗಿರಲಿಲ್ಲ, ಮೊಮ್ಮಗನನ್ನು ಪ್ರತಿ ಸಲ ಕರೆಯಲು ಸಂಕೋಚ. ಅವರ ಕೈಯನ್ನು ನೋಡದೆ ಯಂತ್ರ ಆರಿಸಿದ್ದು ನನ್ನ ತಪ್ಪು. ಮರುವಾರವೇ ದೊಡ್ಡ ಗುಂಡಿಗಳಿರುವ ಒಂದು ಸಾದಾ ಸಿ.ಡಿ. ಪ್ಲೇಯರ್ ತಂದುಕೊಟ್ಟೆ, ಮನೆಯಲ್ಲಿ ಮತ್ತೆ ಸಂಗೀತ ಶುರುವಾಯಿತು. ನಿಮ್ಮ ಮನೆಯಲ್ಲಿ ನಿಮ್ಮೊಡನೆ ಕೇಳುವವರು ಯಾರು, ಅವರು ಒಬ್ಬರೇ ಇದ್ದಾಗ ಯಾವುದನ್ನು ಚಾಲೂ ಮಾಡಬಲ್ಲರು, ಅದನ್ನು ಅವರನ್ನೇ ಕೇಳಿ ಆಮೇಲೆ ನಿರ್ಧರಿಸಿ. ಅವರಿಗೆ ಪ್ಲೇಯರೇ ಬೇಕಿದ್ದರೆ ಹಳೆಯದನ್ನು ರಿಪೇರಿ ಮಾಡಿಸಿ. ಆಗದಿದ್ದರೆ ಸಾದಾ ಒಂದು ತನ್ನಿ. ಅರವತ್ತು ಸಾವಿರದ್ದು ಆಗಲೂ ಬೇಕಿಲ್ಲ.

ಉಳಿದ ಹಣದಲ್ಲಿ ಕೋಣೆಯನ್ನು ನೋಡಿಕೊಳ್ಳಿ. ನುಣುಪು ನೆಲ, ಬರಿಗೋಡೆಯ ಹಾಲಿನಲ್ಲಿ ಮೃದಂಗದ ಚಾಪು ಗೋಡೆಗೆ ಬಡಿದು ಎರಡೆರಡಾಗಿ ಕೇಳುತ್ತದೆ. ದಪ್ಪ ಜಮಖಾನೆ, ಭಾರವಾದ ಪರದೆ, ಗೋಡೆಯಿಂದ ಒಂದೆರಡು ಅಡಿ ಮುಂದೆ ಬಂದ ಸ್ಪೀಕರ್. ಇವು ಕೊಡುವ ವ್ಯತ್ಯಾಸ ಯಾವ ಪ್ಲೇಯರ್ ಬದಲಾವಣೆಯೂ ಕೊಡದು.

ಇಳಿಸುವುದನ್ನು ಕಪಾಟಿನ ಮೊದಲ ಸಾಲಿನಿಂದ ಶುರುಮಾಡಬೇಡಿ. ಮನೆಯಲ್ಲಿ ಬರೆದ ಡಿಸ್ಕ್‌ಗಳನ್ನು ಮೊದಲು ತೆಗೆಯಿರಿ, ಗೆಳೆಯರು ಕೊಟ್ಟ ಖಾಸಗಿ ಕಛೇರಿಗಳು ಇರುವುದು ಅವುಗಳಲ್ಲೇ. ಅವುಗಳ ಬಣ್ಣದ ಪದರ ಬೆಳಕು ಮತ್ತು ಸೆಕೆಗೆ ವರ್ಷದಿಂದ ವರ್ಷಕ್ಕೆ ಮಾಸುತ್ತದೆ. ಆಮೇಲೆ ಉಳಿದವನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಸೂಜಿಮೊನೆಯಂಥ ಬೆಳಕಿನ ಚುಕ್ಕಿ ಕಂಡದ್ದು, ಅಂಚಿನಿಂದ ಕಂದು ಬಣ್ಣ ಏರುತ್ತಿರುವುದು ಎರಡನೆಯ ಗುಂಪು, ಅವುಗಳ ಅಲ್ಯೂಮಿನಿಯಂ ಪದರ ಕೆಡುತ್ತಿರಬಹುದು. ಉಳಿದದ್ದಕ್ಕೆ ಅವಸರವಿಲ್ಲ.